ಬಾಳೆ ಎಲೆ ಹಾಕಿದ್ದಾಯ್ತು, ಪಾರ್ಕಿಂಗ್ ಕಡೆ ನೋಡಿದ್ವಾ?

ಕಳೆದ ವರ್ಷ ನಮ್ಮ ಸೋದರಮಾವನ ದೊಡ್ಡ ಮಗಳ ಮದುವೆ ಆಯ್ತು. ಮಾವ ಮೊದಲೇ ಕಟ್ಟುನಿಟ್ಟಾಗಿ ಹೇಳ್ಬಿಟ್ಟಿದ್ರು, ಈ ಮದುವೇಲಿ ಪ್ಲಾಸ್ಟಿಕ್ ಅನ್ನೋದು ಕಣ್ಣಿಗೆ ಬೀಳ್ಬಾರ್ದು ಅಂತ. ಹಾಗೇ ನಡೀತು ಕೂಡ. ಊಟಕ್ಕೆ ಬಾಳೆ ಎಲೆ, ನೀರಿಗೆ ಸ್ಟೀಲ್ ಲೋಟ, ತಾಂಬೂಲಕ್ಕೆ ಬಟ್ಟೆ ಚೀಲ, ಮಂಟಪಕ್ಕೆ ನಿಜವಾದ ಹೂವು. ನನಗೆ ಕೊಟ್ಟಿದ್ದ ಕೆಲಸ ವಾಹನದ ಉಸ್ತುವಾರಿ. ಛತ್ರ ಬೆಂಗಳೂರಿಂದ ಆಚೆ, ನಮ್ಮನೆ ಕಡೆಯಿಂದ 25 ಕಿಲೋಮೀಟರ್ ಆಗತ್ತೆ, ಆರತಕ್ಷತೆ ದಿನ ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೂ ಗೇಟ್ ಹತ್ರಾನೇ ನಿಂತಿದ್ದೆ, ಸುಮ್ನೆ ನಿಂತಿರೋ ಬದಲು ಬರೋ ಕಾರುಗಳನ್ನ ಎಣಿಸ್ತಾ ಹೋದೆ. 163 ಕಾರು. ತುಂಬಾ ಕಾರಲ್ಲಿ ಇಬ್ಬರೇ, ಕೆಲವದರಲ್ಲಿ ಐದು ಜನ, ಸರಾಸರಿ ತೆಗೆದ್ರೆ ಕಾರಿಗೆ ಎರಡೂವರೆ ಜನ.

ರಾತ್ರಿ ಎಲ್ಲಾ ಮುಗಿದ್ಮೇಲೆ ಮಾವ ಬಂದು "ನೋಡಪ್ಪ, ಇಷ್ಟು ಜನ ಊಟ ಮಾಡಿದ್ರು, ಒಂದು ಪ್ಲಾಸ್ಟಿಕ್ ಬಾಟ್ಲಿ ಇಲ್ಲ" ಅಂದ್ರು. ಅವರ ಹೆಮ್ಮೆ ನ್ಯಾಯವಾದದ್ದೇ, ಆ ಶಿಸ್ತು ತರೋಕೆ ಅವರು ಎಷ್ಟು ಜನರ ಜೊತೆ ವಾದ ಮಾಡಿದ್ರು ಅಂತ ನಾನೇ ನೋಡಿದೀನಿ. ಆದ್ರೆ ನನ್ನ ತಲೇಲಿ ಆ 163 ಹಾಗೇ ಕೂತಿತ್ತು. ಮನೆಗೆ ಬಂದು ಲೆಕ್ಕ ಹಾಕ್ದೆ. ಆ ಲೆಕ್ಕಾನ ನಿಮ್ಮ ಮುಂದೆ ಇಡ್ತೀನಿ, ಯಾಕಂದ್ರೆ ಮದುವೆ ಇರ್ಲಿ, ಸೆಮಿನಾರ್ ಇರ್ಲಿ, ಮ್ಯಾಚ್ ಇರ್ಲಿ, ಜಾತ್ರೆ ಇರ್ಲಿ, ಜನ ಸೇರೋ ಯಾವ ಕಾರ್ಯಕ್ರಮಕ್ಕೂ ಇದೇ ಲೆಕ್ಕ.

ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರತ್ತೆ, ಡೀಸೆಲ್ ಆದ್ರೆ ಸುಮಾರು 2.7 ಕೆಜಿ. ಲೀಟರ್ ಪೆಟ್ರೋಲ್ ತೂಗೋದೇ ಮುಕ್ಕಾಲು ಕೆಜಿ, ಅದರಿಂದ ಎರಡು ಕೆಜಿ ಮೇಲೆ ಹೇಗೆ ಬರತ್ತೆ ಅಂತ ಕೇಳ್ಬಹುದು, ಪೆಟ್ರೋಲಲ್ಲಿರೋ ಇಂಗಾಲ ಉರಿಯುವಾಗ ಗಾಳಿಯಲ್ಲಿರೋ ಆಮ್ಲಜನಕಾನ ಎಳ್ಕೊಂಡು ಸೇರ್ಕೊಳತ್ತೆ, ಆ ತೂಕ ಗಾಳಿಯಿಂದ ಬಂದದ್ದು. ಈಗ 160 ಕಾರು ಅಂತ ಇಟ್ಕೊಳ್ಳಿ, ಹೋಗಿ ಬರೋಕೆ ತಲಾ 50 ಕಿಲೋಮೀಟರ್, ಒಟ್ಟು 8,000 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಮೈಲೇಜ್ ಹಿಡಿದ್ರೆ 533 ಲೀಟರ್. ಅಂದ್ರೆ 1,200 ಕೆಜಿ ಮೇಲೆ ಕಾರ್ಬನ್ ಡೈಆಕ್ಸೈಡ್, ಅದೂ ಒಂದೇ ಸಂಜೆಗೆ. ಅಡುಗೆಮನೇಲಿ ಉರಿಸೋ 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಇದೆಯಲ್ಲ, ಅಂಥವು 21 ಸಿಲಿಂಡರ್ ಪೂರ್ತಿ ಉರಿಸಿದ್ರೆ ಇಷ್ಟಾಗತ್ತೆ. ನಮ್ಮ ಅಡುಗೆ ಭಟ್ಟರು ಎರಡು ದಿನಕ್ಕೆ ಖರ್ಚು ಮಾಡಿದ್ದು ಆರು. ಮಾರನೇ ದಿನ ಮುಹೂರ್ತಕ್ಕೆ ಮತ್ತೆ ಬಂದೋರ ಲೆಕ್ಕ ನಾನು ಇದಕ್ಕೆ ಸೇರಿಸೇ ಇಲ್ಲ.

ಎಲ್ಲ ಕಾರ್ಯಕ್ರಮದಲ್ಲೂ ಸಾಮಾನ್ಯವಾಗಿ ಹೀಗೇ. ವೇದಿಕೆ, ಲೈಟು, ಊಟ, ಫ್ಲೆಕ್ಸು ಇವೆಲ್ಲಾ ಕಣ್ಣಿಗೆ ಕಾಣತ್ತೆ, ಅದಕ್ಕೆ ಎಲ್ರೂ ಅದನ್ನೇ ಸರಿ ಮಾಡೋಕೆ ನೋಡ್ತಾರೆ. ಜನ ಬಂದು ಹೋಗೋದರಲ್ಲಿ ಖರ್ಚಾಗೋ ಇಂಧನ ಮಾತ್ರ ಯಾರ ಬಿಲ್ಲಲ್ಲೂ ಇರಲ್ಲ, ಅತಿಥಿಗಳ ಜೇಬಿಂದ ಹೋಗತ್ತೆ, ರಸ್ತೇಲಿ ಚೆಲ್ಲಿ ಹೋಗತ್ತೆ, ಹಾಗಾಗಿ ಯಾರಿಗೂ ಲೆಕ್ಕ ಸಿಗಲ್ಲ.

ಸರಿ, ಹಾಗಾದ್ರೆ ಕಡಿಮೆ ಮಾಡೋದು ಹೇಗೆ? ಈ ಪ್ರಶ್ನೆ ಕೇಳಿದ ತಕ್ಷಣ ಹತ್ತರಲ್ಲಿ ಒಂಬತ್ತು ಜನ "ಎಲೆಕ್ಟ್ರಿಕ್ ಗಾಡಿ ಬುಕ್ ಮಾಡೋಣ" ಅಂತಾರೆ. ನಾನು ಇಷ್ಟು ದಿನ ಲೆಕ್ಕ ಹಾಕಿ, ಎರಡು ಮದುವೆ ಒಂದು ಸೆಮಿನಾರಿನ ಓಡಾಟ ನೋಡಿಕೊಂಡು ಕಲಿತದ್ದು ಏನಂದ್ರೆ ಗಾಡಿ ಯಾವುದು ಅನ್ನೋದು ಕಟ್ಟಕಡೇ ಪ್ರಶ್ನೆ. ಎಲ್ಲಿ, ಯಾವ ಹೊತ್ತಿಗೆ ಅನ್ನೋದು ಮೊದಲನೇದು. ಆಮೇಲೆ ಸೀಟು ತುಂಬಿಸೋದು. ಆಮೇಲೆ ಖಾಲಿ ಓಟ, ನಿಂತಲ್ಲೇ ಇಂಜಿನ್ ಓಡಿಸೋದು. ಇವೆಲ್ಲ ಆದ್ಮೇಲೆ ಇಂಧನ. ಉಲ್ಟಾ ಕಡೆಯಿಂದ ಶುರು ಮಾಡಿದ್ರೆ ದುಡ್ಡು ಖರ್ಚಾಗತ್ತೆ, ಹೊಗೆ ಅಷ್ಟೇನೂ ಇಳಿಯಲ್ಲ.

ಜಾಗದ ವಿಷ್ಯ ಮೊದಲು. ಅದೇ 400 ಜನ, ಛತ್ರ ಊರಾಚೆ ಬದಲು ಮೆಟ್ರೊ ಸ್ಟೇಷನ್ನಿಂದ ನಡ್ಕೊಂಡು ಹೋಗೋಷ್ಟು ದೂರದಲ್ಲಿ ಇದೆ ಅಂತ ಇಟ್ಕೊಳ್ಳಿ, ಸರಾಸರಿ ದೂರ 8 ಕಿಲೋಮೀಟರ್. ಅರ್ಧ ಜನ ಮೆಟ್ರೊದಲ್ಲಿ ಬಂದ್ರು, ಉಳಿದ 200 ಜನ 80 ಕಾರಲ್ಲಿ ಬಂದ್ರು. 80 ಕಾರು, ತಲಾ 16 ಕಿಲೋಮೀಟರ್, ಒಟ್ಟು 1,280 ಕಿಲೋಮೀಟರ್, ಸುಮಾರು 85 ಲೀಟರ್, ಹತ್ರತ್ರ 200 ಕೆಜಿ. ಮೆಟ್ರೊದಲ್ಲಿ ಬಂದೋರ ಪಾಲಿನ ಕರೆಂಟನ್ನೂ ಲೆಕ್ಕಕ್ಕೆ ತಗೊಂಡ್ರೂ ಮೊದಲಿನ ಅರ್ಧಕ್ಕಿಂತ ತುಂಬಾ ಕೆಳಗೇ ಇರತ್ತೆ. ನಿಜ ಹೇಳ್ಬೇಕಂದ್ರೆ ಆ ಟ್ರೈನು ನೀವು ಹತ್ತಿದ್ರೂ ಓಡತ್ತೆ, ಹತ್ತದೇ ಇದ್ರೂ ಓಡತ್ತೆ, ನೀವು ಹತ್ತಿದ್ದಕ್ಕೆ ಹೆಚ್ಚಾಗಿ ಖರ್ಚಾಗೋ ಕರೆಂಟು ತೀರಾ ಕಮ್ಮಿ. ಇಲ್ಲಿ ಯಾರೂ ಹೊಸ ಗಾಡಿ ತಂದಿಲ್ಲ, ಯಾರಿಗೂ ಉಪದೇಶ ಮಾಡಿಲ್ಲ, ಛತ್ರ ಬುಕ್ ಮಾಡೋ ದಿನಾನೇ ಮುಕ್ಕಾಲು ಕೆಲಸ ಮುಗಿದುಹೋಯ್ತು. ಅದಕ್ಕೇ ಹೇಳೋದು, ವಾಹನದ ಉಸ್ತುವಾರಿ ನೋಡೋನನ್ನ ಮದುವೆಗೆ ಒಂದು ವಾರ ಇರುವಾಗ ಕರೀಬಾರ್ದು, ಛತ್ರ ನೋಡೋಕೆ ಹೋಗುವಾಗಲೇ ಕರ್ಕೊಂಡು ಹೋಗ್ಬೇಕು.

ಇದಕ್ಕೆ ನಮ್ಮೂರಲ್ಲೇ ಕಣ್ಣೆದುರಿಗೆ ಇರೋ ಉದಾಹರಣೆ ತುಮಕೂರು ರಸ್ತೆಯ ಬಿಐಇಸಿ. ದೊಡ್ಡ ದೊಡ್ಡ ಎಕ್ಸಿಬಿಷನ್ ನಡೆಯೋ ಜಾಗ ಅದು. ಮೊದಲು ಮೆಟ್ರೊದ ಹಸಿರು ಲೈನು ನಾಗಸಂದ್ರಕ್ಕೇ ನಿಲ್ತಿತ್ತು, ಅಲ್ಲಿಂದ ಆಟೋ ಹಿಡೀಬೇಕು, ಇಲ್ಲ ಮನೆಯಿಂದಲೇ ಕಾರು. 2024ರ ನವೆಂಬರಲ್ಲಿ ಲೈನು ಮಾದಾವರದವರೆಗೂ ಹೋಯ್ತು, ಸೇರಿದ್ದು ಮೂರು ಕಿಲೋಮೀಟರ್ ಚಿಲ್ಲರೆ ಅಷ್ಟೇ. ಆದ್ರೆ ಆ ಮೂರು ಕಿಲೋಮೀಟರೇ ಜನ ಕಾರು ತೆಗೆಯೋದಕ್ಕೆ ಕಾರಣ ಆಗಿತ್ತು. ಒಬ್ಬ ಮನುಷ್ಯ 20 ಕಿಲೋಮೀಟರ್ ಮೆಟ್ರೊದಲ್ಲಿ ಕೂರೋಕೆ ರೆಡಿ ಇರ್ತಾನೆ, ಆದ್ರೆ ಕೊನೇ ಮೂರು ಕಿಲೋಮೀಟರಿಗೆ ಏನು ಸಿಗತ್ತೋ ಗೊತ್ತಿಲ್ಲ ಅಂದ್ರೆ ಪೂರ್ತಿ ದಾರಿಗೂ ಕಾರೇ ತೆಗೀತಾನೆ. ಕೊನೇ ತುಂಡು ಸರಿ ಮಾಡಿದ್ರೆ ಇಡೀ ಪ್ರಯಾಣವೇ ಬದಲಾಗತ್ತೆ, ದುಡ್ಡು ಎಲ್ಲಿ ಹಾಕ್ಬೇಕು ಅಂತ ಯೋಚ್ನೆ ಮಾಡೋರಿಗೆ ಇದು ತುಂಬಾ ಮುಖ್ಯ.

ಹೊತ್ತಿನ ವಿಷ್ಯಾನೂ ಹೀಗೇ. ವಾರದ ದಿನ ಸಂಜೆ ಏಳಕ್ಕೆ ಆರತಕ್ಷತೆ ಇಟ್ರೆ ಆಫೀಸ್ ಬಿಡೋ ಟ್ರಾಫಿಕ್ ಮಧ್ಯಾನೇ ಎಲ್ರೂ ಬರ್ಬೇಕು, ಫಸ್ಟ್ ಗೇರು ಸೆಕೆಂಡ್ ಗೇರಲ್ಲಿ ತೆವಳ್ಕೊಂಡು ಬರೋ ಕಾರಿಗೆ 15ರ ಮೈಲೇಜು ಎಲ್ಲಿ ಬರತ್ತೆ, ಹತ್ತೂ ಬರಲ್ಲ. ಭಾನುವಾರ ಬೆಳಗ್ಗೆ ಮುಹೂರ್ತ ಆದ್ರೆ ಅದೇ ರಸ್ತೆ, ಅದೇ ಕಾರು, ಅರ್ಧ ಹೊತ್ತು. ಮುಹೂರ್ತ ನಮ್ಮ ಕೈಲಿಲ್ಲ, ಪುರೋಹಿತರ ಕೈಲಿದೆ ಅಂತ ಗೊತ್ತು, ಆದ್ರೆ ಆರತಕ್ಷತೆ ನಮ್ಮ ಕೈಲೇ ಇದೆಯಲ್ಲ. ಈಚೆಗೆ ಕೆಲವರು ಮುಹೂರ್ತದ ದಿನವೇ ಮಧ್ಯಾಹ್ನ ಊಟದ ಜೊತೆಗೆ ಆರತಕ್ಷತೆ ಮುಗಿಸಿಬಿಡ್ತಾರೆ, ಜನ ಎರಡು ಸಲ ಬರೋದು ಒಂದೇ ಸಲಕ್ಕೆ ಇಳಿಯತ್ತೆ, ನನಗೆ ಇದಕ್ಕಿಂತ ಒಳ್ಳೇ ಉಪಾಯ ಇನ್ನೊಂದು ಕಂಡಿಲ್ಲ.

ಈಗ ಸೀಟು ತುಂಬಿಸೋ ಮಾತು. ನಮ್ಮಲ್ಲಿ ದಿಬ್ಬಣ ಅಂತ ಒಂದು ಚಂದದ ಪದ್ಧತಿ ಇತ್ತು, ಮಲೆನಾಡು ಕರಾವಳಿ ಕಡೆ ಈಗಲೂ ಇದೆ. ಗಂಡಿನ ಮನೆಯೋರು ಒಟ್ಟಿಗೇ ಒಂದು ಬಸ್ಸಲ್ಲಿ ಹೊರಡೋದು, ಮುಂದುಗಡೆ ಬಾಳೆಕಂದು, ಮಾವಿನ ಸೊಪ್ಪು ಕಟ್ಟಿರ್ತಾರೆ, ಒಳಗೆ ಹಾಡು, ಹರಟೆ, ಚಕ್ಕುಲಿ ಡಬ್ಬ. ಪರಿಸರ ಅನ್ನೋ ಮಾತು ಯಾರ ಬಾಯಲ್ಲೂ ಇರಲಿಲ್ಲ, ಆದ್ರೆ ಲೆಕ್ಕ ಹಾಕಿದ್ರೆ ಅದಕ್ಕಿಂತ ಕಮ್ಮಿ ಹೊಗೆಯ ಮೋಟಾರು ಪ್ರಯಾಣ ಸಿಗೋದು ಕಷ್ಟ. ಲೀಟರಿಗೆ 4 ಕಿಲೋಮೀಟರ್ ಕೊಡೋ ಡೀಸೆಲ್ ಬಸ್ಸು ಕಿಲೋಮೀಟರಿಗೆ ಸುಮಾರು 675 ಗ್ರಾಂ ಬಿಡತ್ತೆ, 45 ಜನ ಕೂತ್ರೆ ಒಬ್ಬರ ಪಾಲಿಗೆ 15 ಗ್ರಾಂ. ಇಬ್ಬರು ಕೂತ ಪೆಟ್ರೋಲ್ ಕಾರಲ್ಲಿ ಒಬ್ಬರ ಪಾಲಿಗೆ 75 ಗ್ರಾಂ ಮೇಲೆ.

ಆದ್ರೆ ಬಸ್ಸು ಮಾಡಿದ ತಕ್ಷಣ ಪುಣ್ಯ ಬಂತು ಅಂತಲ್ಲ, ಇಲ್ಲಿ ಒಂದು ಸೂಕ್ಷ್ಮ ಇದೆ. ಬಸ್ಸು ಡಿಪೋದಿಂದ ನಿಮ್ಮ ಮನೆಗೆ ಖಾಲಿ ಬರ್ಬೇಕು, ರಾತ್ರಿ ಖಾಲಿ ವಾಪಸ್ ಹೋಗ್ಬೇಕು. 50 ಕಿಲೋಮೀಟರ್ ಪ್ರಯಾಣಕ್ಕೆ ಬಸ್ಸು ಓಡೋದು 70 ಕಿಲೋಮೀಟರ್ ಅಂತ ಇಟ್ಕೊಳ್ಳಿ. ಹದಿನೇಳೂವರೆ ಲೀಟರ್ ಡೀಸೆಲ್, 47 ಕೆಜಿ. ಅದೇ ದೂರಕ್ಕೆ ಒಂದು ಕಾರು ಬಿಡೋದು ಏಳೂಮುಕ್ಕಾಲು ಕೆಜಿ ಆಸುಪಾಸು. ಅಂದ್ರೆ ಒಂದು ಬಸ್ಸು ಆರು ಕಾರಿಗೆ ಸಮ, ಆರು ಕಾರಲ್ಲಿ ಬರೋರು 15 ಜನ. ಬಸ್ಸಲ್ಲಿ 15 ಜನಕ್ಕಿಂತ ಕಮ್ಮಿ ಇದ್ರೆ ಕಾರಲ್ಲಿ ಬಂದಿದ್ರೇನೇ ಹೊಗೆ ಕಮ್ಮಿ ಆಗ್ತಿತ್ತು, 15 ದಾಟಿದ ಮೇಲೆ ಹತ್ತೋ ಒಬ್ಬೊಬ್ಬರೂ ಪೂರ್ತಿ ಲಾಭ. ಹಾಗಾಗಿ ಎಷ್ಟು ಬಸ್ಸು ಮಾಡಿದ್ವಿ ಅನ್ನೋದಕ್ಕಿಂತ ಎಷ್ಟು ಜನ ಹತ್ತುತಾರೆ ಅಂತ ಮೊದಲೇ ಕೇಳಿ ಬರ್ಕೊಳ್ಳೋದು ಮುಖ್ಯ. ಇಪ್ಪತ್ತೇ ಜನ ಇದ್ರೆ ದೊಡ್ಡ ಬಸ್ಸು ಬೇಡ, ಟಿಟಿ (ಟೆಂಪೋ ಟ್ರಾವೆಲರ್) ಸಾಕು.

ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಬಸ್ಸುಗಳನ್ನ ಮದುವೆಗೆ, ಪ್ರವಾಸಕ್ಕೆ ಬಾಡಿಗೆಗೆ ಕೊಡ್ತಾರೆ ಅನ್ನೋದು ಈಗಿನ ಎಷ್ಟೋ ಹುಡುಗರಿಗೆ ಗೊತ್ತೇ ಇಲ್ಲ, ಕ್ಯಾಶುಯಲ್ ಕಾಂಟ್ರಾಕ್ಟ್ ಅಂತಾರೆ ಅದಕ್ಕೆ, ಡಿಪೋದಲ್ಲಿ ಹೋಗಿ ಕೇಳಿದ್ರೆ ಹೇಳ್ತಾರೆ. ಕಿಲೋಮೀಟರ್ ಲೆಕ್ಕ, ಮಿನಿಮಮ್ ಕಿಲೋಮೀಟರ್ ಎಷ್ಟು, ಎಷ್ಟು ಗಂಟೆವರೆಗೆ ಅನ್ನೋದನ್ನ ಸರಿಯಾಗಿ ಓದಿ ಸೈನ್ ಮಾಡಿ. 2020ರ ಏಪ್ರಿಲ್ ನಂತರದ, ಬಿಎಸ್-6 ಅನ್ನೋ ಹೊಗೆ ನಿಯಮಕ್ಕೆ ಹೊಂದೋ ಗಾಡಿ ಸಿಗತ್ತಾ ಅಂತಾನೂ ಕೇಳಿ, ಕಾರ್ಬನ್ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ರೂ ಛತ್ರದ ಬಾಗಿಲಲ್ಲಿ ಮಕ್ಕಳ ಮುಖಕ್ಕೆ ಹೊಡೆಯೋ ಕಪ್ಪು ಹೊಗೆ ತುಂಬಾ ಕಮ್ಮಿ.

ಜನ ಬಸ್ಸು ಯಾಕೆ ಹತ್ತಲ್ಲ ಅನ್ನೋದನ್ನ ನಾವು ಮರ್ಯಾದೆಯಿಂದ ಕೇಳಿಸ್ಕೋಬೇಕು. ರೇಷ್ಮೆ ಸೀರೆ, ಮೈಮೇಲೆ ಒಡವೆ, ರಾತ್ರಿ ಹತ್ತೂವರೆಗೆ ಬಸ್‌ಸ್ಟಾಪಲ್ಲಿ ನಿಲ್ಲೋದು ಹೇಗೆ ಅಂತ ನಮ್ಮತ್ತೆ ಕೇಳಿದ್ರು, ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಮಂಡಿ ನೋವಿರೋ ಅಜ್ಜ ಅಜ್ಜಿ, ಕೈಗೂಸು, ಬಸುರಿ ಹೆಂಗಸು, ಗಾಲಿಕುರ್ಚಿ ಬೇಕಾದೋರು, ಇವರಿಗೆ ಬಾಗಿಲವರೆಗೂ ಕಾರು ಬೇಕೇ ಬೇಕು. ಬಸ್ಸಿಂದ ಇಳಿದೋರು ಒಬ್ಬೊಬ್ಬರೇ ಕತ್ತಲೆ ರಸ್ತೇಲಿ ಹೋಗೋ ಹಾಗೆ ಆಗ್ಬಾರ್ದು ಅಂತಿದ್ರೆ ವಾಪಸ್ ಟ್ರಿಪ್ಪಲ್ಲಿ ಬಡಾವಣೆ ಒಳಗೆ ಎರಡು ಮೂರು ಕಡೆ ನಿಲ್ಲಿಸೋ ಹಾಗೆ ಮಾತಾಡ್ಬೇಕು, ಡ್ರೈವರ್ ಜೊತೆಗೆ ನಮ್ಮ ಮನೆ ಹುಡುಗ ಒಬ್ಬ ಕೊನೇವರೆಗೂ ಹೋಗ್ಬೇಕು. ಇಷ್ಟು ಮಾಡದೇ "ಜನಕ್ಕೆ ಪರಿಸರದ ಕಾಳಜಿ ಇಲ್ಲ" ಅಂದ್ರೆ ಅದು ಅನ್ಯಾಯ.

ಬಸ್ಸು ಆಗಲ್ಲ ಅನ್ನೋರಿಗೆ ಕಾರು ತುಂಬಿಸೋದಾದ್ರೂ ಇದೆ. ಏರಿಯಾ ಪ್ರಕಾರ ವಾಟ್ಸಾಪ್ ಗ್ರೂಪ್ ಮಾಡಿ, "ವಿಜಯನಗರದಿಂದ ನಾವು ಆರೂವರೆಗೆ ಹೊರಡ್ತೀವಿ, ಮೂರು ಸೀಟಿದೆ" ಅಂತ ಒಬ್ಬರು ಹಾಕಿದ್ರೆ ಸಾಕು, ಮುಂದಿಂದು ತಾನೇ ನಡೆಯತ್ತೆ. ಕಾರಿಗೆ ಎರಡೂವರೆ ಜನ ಇದ್ದದ್ದು ನಾಲ್ಕಾದ್ರೆ 160 ಕಾರು 100ಕ್ಕೆ ಇಳಿಯತ್ತೆ, ಒಂದು ರೂಪಾಯಿ ಖರ್ಚಿಲ್ಲ.

ಪಾರ್ಕಿಂಗ್ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಒಂದು ಕಾರು ನಿಲ್ಲೋಕೆ, ತಿರುಗಿಸೋಕೆ ಎಲ್ಲಾ ಸೇರಿ ಸುಮಾರು 25 ಚದರ ಮೀಟರ್ ಬೇಕು, ಅಂದ್ರೆ ಒಂದು ಗುಂಟೇಲಿ ನಾಲ್ಕೇ ಕಾರು. 160 ಕಾರಿಗೆ ಒಂದು ಎಕರೆ. ಊರೊಳಗೆ ಎಕರೆ ಪಾರ್ಕಿಂಗ್ ಇರೋ ಛತ್ರ ಎಲ್ಲಿ ಸಿಗತ್ತೆ, ಅದಕ್ಕೇ ಛತ್ರಗಳು ಊರಾಚೆ ಹೋಗ್ತವೆ, ಊರಾಚೆ ಹೋಗಿದ್ದಕ್ಕೆ ಎಲ್ರೂ ಕಾರಲ್ಲೇ ಬರ್ಬೇಕು, ಕಾರಲ್ಲಿ ಬರೋದಕ್ಕೆ ಇನ್ನೂ ದೊಡ್ಡ ಪಾರ್ಕಿಂಗ್ ಬೇಕು. ಈ ಸುತ್ತು ಬಿಡಿಸೋಕೆ ಯಾರಾದ್ರೂ ಒಂದು ಕಡೆ ಕೈ ಹಾಕ್ಲೇಬೇಕು. ಬಯಲಲ್ಲಿ ಸಾವಿರಾರು ಕಾರು ನಿಲ್ಲಿಸೋದು ಸುರಕ್ಷತೆ ಪ್ರಶ್ನೆನೂ ಹೌದು, 2019ರ ಫೆಬ್ರವರಿ 23ಕ್ಕೆ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದಲ್ಲಿ ಪಾರ್ಕಿಂಗಿನ ಒಣಹುಲ್ಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದದ್ದು ನೆನಪಿರಬಹುದು. ಈಚಿನ ಏರೋ ಇಂಡಿಯಾಗಳಲ್ಲಿ ಜಿಕೆವಿಕೆ ಕೃಷಿ ವಿವಿ ಕ್ಯಾಂಪಸ್ಸಲ್ಲಿ ಕಾರು ನಿಲ್ಲಿಸಿ ಅಲ್ಲಿಂದ ಬಿಎಂಟಿಸಿ ಬಸ್ಸಲ್ಲಿ ಕರ್ಕೊಂಡು ಹೋಗೋ ವ್ಯವಸ್ಥೆ ಮಾಡಿದ್ರು, ಒಳ್ಳೇದೇ. ಆದ್ರೆ ಇಂಥ ವ್ಯವಸ್ಥೆಯ ಮಿತಿ ಗೊತ್ತಿರಲಿ, ಜನ ಮನೆಯಿಂದ ಪಾರ್ಕಿಂಗ್‌ವರೆಗೆ ಕಾರಲ್ಲೇ ಬಂದಿರ್ತಾರೆ, ಉಳಿಯೋದು ಕೊನೇ ಕೆಲವು ಕಿಲೋಮೀಟರ್ ಮಾತ್ರ. ಟ್ರಾಫಿಕ್ ಕಮ್ಮಿ ಆಗತ್ತೆ, ಹೊಗೆ ಅಷ್ಟಾಗಿ ಇಳಿಯಲ್ಲ. ಹೊಗೆ ಇಳೀಬೇಕಂದ್ರೆ ಬಸ್ಸು ಜನರನ್ನ ಹಿಡಿಯೋದು ಕಾರು ಪಾರ್ಕಿಂಗಲ್ಲಲ್ಲ, ಮೆಟ್ರೊ ಸ್ಟೇಷನ್ನಲ್ಲಿ, ರೈಲ್ವೆ ಸ್ಟೇಷನ್ನಲ್ಲಿ, ಮೆಜೆಸ್ಟಿಕ್ಕಲ್ಲಿ.

ಶಟಲ್ ಬಸ್ಸು ಎಷ್ಟು ಬೇಕು ಅನ್ನೋ ಲೆಕ್ಕದಲ್ಲಿ ನಾನೇ ಒಂದು ಸಲ ಪೆಟ್ಟು ತಿಂದಿದೀನಿ. ಒಂದು ಸೆಮಿನಾರಿಗೆ 600 ಜನ, ಒಂದು ಗಂಟೆ ಒಳಗೆ ಎಲ್ರೂ ಬರ್ಬೇಕು, ಬಸ್ಸಿಗೆ 40 ಸೀಟು. ಮೂರು ಬಸ್ಸು ಸುತ್ತುಹಾಕ್ತಾ ಇದ್ರೆ ಸಾಕು ಅಂದ್ಕೊಂಡೆ. ಹೋಗಿ, ಜನರನ್ನ ಇಳಿಸಿ, ತಿರುಗಿ ಬಂದು ಮತ್ತೆ ತುಂಬಿಸೋಕೆ 24 ನಿಮಿಷ ಹಿಡೀತು. ಅಂದ್ರೆ ಒಂದು ಬಸ್ಸು ಗಂಟೆಗೆ ಎರಡೂವರೆ ಟ್ರಿಪ್ಪು, 100 ಜನ. ಬೇಕಾಗಿದ್ದದ್ದು ಆರು ಬಸ್ಸು. ಅರ್ಧ ಗಂಟೆ ಕಾದ ಜನ ಆ್ಯಪಲ್ಲಿ ಕ್ಯಾಬ್ ಬುಕ್ ಮಾಡ್ಕೊಂಡು ಹೊರಟ್ರು, ಆಮೇಲೆ ಬಂದ ಬಸ್ಸುಗಳು ಅರ್ಧ ಖಾಲಿ ಓಡಿದ್ವು. ಕಮ್ಮಿ ಬಸ್ಸು ಹಾಕಿದ್ದರಿಂದ ಹೊಗೆ ಹೆಚ್ಚಾಯ್ತು. ಹೊರಡುವಾಗ ಇನ್ನೂ ಕಷ್ಟ, ಬರೋರು ಒಂದು ಗಂಟೇಲಿ ಹರಡ್ಕೊಂಡು ಬರ್ತಾರೆ, ಹೊರಡೋರು ವಂದನಾರ್ಪಣೆ ಮುಗಿದ ಇಪ್ಪತ್ತೇ ನಿಮಿಷದಲ್ಲಿ ಬಾಗಿಲಲ್ಲಿ ನಿಂತಿರ್ತಾರೆ. ಮದುವೇಲಿ ಈ ತೊಂದ್ರೆ ಇಲ್ಲ, ಯಾಕಂದ್ರೆ ಪಂಕ್ತಿ ಇದೆ. ಮೊದಲನೇ ಪಂಕ್ತಿಯೋರು ಎದ್ದು ಎಲೆಅಡಿಕೆ ಹಾಕ್ಕೊಳ್ಳೋ ಹೊತ್ತಿಗೆ ಎರಡನೇ ಪಂಕ್ತಿಗೆ ಬಡಿಸ್ತಿರ್ತಾರೆ, ಜನ ತಾವಾಗೇ ಮೂರು ನಾಲ್ಕು ಕಂತಲ್ಲಿ ಹೊರಡ್ತಾರೆ, ಅದೇ ಮೂರು ಬಸ್ಸು ಸಾಕಾಗತ್ತೆ. ಸೆಮಿನಾರ್ ಮಾಡೋರು ಕೊನೇ ಭಾಷಣ ಆದ್ಮೇಲೆ ಕಾಫಿ ತಿಂಡಿ ಇಟ್ರೆ ಇದೇ ಕೆಲಸ ಆಗತ್ತೆ.

ದೊಡ್ಡ ಪ್ರಮಾಣದಲ್ಲಿ ಇದು ಹೇಗೆ ಅಂತ ನೋಡೋಕೆ ಚಿನ್ನಸ್ವಾಮಿ ಸ್ಟೇಡಿಯಂ ಮ್ಯಾಚ್ ದಿನ ನೋಡ್ಬೇಕು. ಮ್ಯಾಚ್ ಬಿಟ್ಟಾಗ ಮೂವತ್ತು ಸಾವಿರದ ಮೇಲೆ ಜನ ಒಟ್ಟಿಗೆ ಹೊರಗೆ ಬರ್ತಾರೆ. ರಸ್ತೆಯ ಒಂದು ಲೇನಲ್ಲಿ ಸಲೀಸಾಗಿ ಹೋದ್ರೂ ಗಂಟೆಗೆ ಒಂದೂವರೆ ಎರಡು ಸಾವಿರ ಕಾರಿಗಿಂತ ಹೆಚ್ಚು ಹೋಗಲ್ಲ, ಆರು ಬೋಗಿಯ ಒಂದೇ ಮೆಟ್ರೊ ಟ್ರೈನಲ್ಲಿ ಒಂದೂವರೆ ಸಾವಿರ ಜನ ಹೋಗ್ತಾರೆ. ಅದಕ್ಕೇ ಐಪಿಎಲ್ ಮ್ಯಾಚ್ ದಿನ ಕೊನೇ ಟ್ರೈನ್ ಹೊತ್ತನ್ನ ಮುಂದಕ್ಕೆ ಹಾಕ್ತಾರೆ, ವಾಪಸ್ ಬರೋಕೆ ಕಾಗದದ ಟಿಕೆಟ್ಟನ್ನ ಮಧ್ಯಾಹ್ನವೇ ಮಾರಿದ್ದೂ ಉಂಟು. ಲಾಲ್‌ಬಾಗ್ ಫ್ಲವರ್ ಶೋಗೂ ಇಂಥ ಟಿಕೆಟ್ ಮಾಡಿದ್ರು. ಸಣ್ಣ ವಿಷ್ಯ ಅನ್ಸತ್ತೆ, ಆದ್ರೆ ರಾತ್ರಿ ಹನ್ನೊಂದೂವರೆಗೆ ಕೌಂಟರ್ ಮುಂದೆ ಸಾವಿರ ಜನರ ಕ್ಯೂ ಇದ್ರೆ ಮುಂದಿನ ಸಲ ಯಾರು ಮೆಟ್ರೊಗೆ ಬರ್ತಾರೆ ಹೇಳಿ.

ಚೆನ್ನೈಯೋರು ಇನ್ನೊಂದು ಹೆಜ್ಜೆ ಮುಂದೆ ಹೋದ್ರು. 2023ರ ಐಪಿಎಲಲ್ಲಿ ಚೆಪಾಕ್ ಮ್ಯಾಚಿನ ಟಿಕೆಟ್ಟೇ ಮೆಟ್ರೊ ಟಿಕೆಟ್ಟೂ ಆಯ್ತು, ಅದನ್ನ ತೋರಿಸಿ ಹತ್ತಬಹುದು, ಮುಂದಿನ ವರ್ಷ ಸಿಟಿ ಬಸ್ಸಿಗೂ ಅದೇ ಸೌಲಭ್ಯ ಬಂತು. ಜರ್ಮನೀಲಿ ಫುಟ್‌ಬಾಲ್ ಮ್ಯಾಚುಗಳಿಗೆ ಇದು ಎಷ್ಟೋ ವರ್ಷದಿಂದ ರೂಢಿ, 2024ರ ಯೂರೋ ಕಪ್ಪಿಗೆ ಟಿಕೆಟ್ ಇದ್ದೋರಿಗೆ 36 ಗಂಟೆ ಲೋಕಲ್ ಬಸ್ಸು ಟ್ರೈನು ಉಚಿತ ಇತ್ತು. ಇದು ಕೆಲಸ ಮಾಡೋದು ಯಾಕಂದ್ರೆ ಹೇಗೆ ಹೋಗೋದು ಅನ್ನೋ ತೀರ್ಮಾನ ಟಿಕೆಟ್ ತಗೊಳ್ಳೋ ದಿನವೇ ಆಗಿಹೋಗತ್ತೆ. ದುಡ್ಡು ಕೊಟ್ಟಾಗಿದೆ, ಇನ್ಯಾಕೆ ಕಾರು ಅನ್ನೋ ಮನಸ್ಸು ಬರತ್ತೆ. ನಮ್ಮಲ್ಲಿ ಉಲ್ಟಾ, ಪಾರ್ಕಿಂಗ್ ಫ್ರೀ ಕೊಡ್ತೀವಿ, ಬಸ್ಸಲ್ಲಿ ಬರೋನಿಗೆ ಏನೂ ಕೊಡಲ್ಲ. ಆ ಫ್ರೀ ಪಾರ್ಕಿಂಗಿನ ಬಾಡಿಗೆ ಬಸ್ಸಲ್ಲಿ ಬಂದೋನ ಟಿಕೆಟ್ ದುಡ್ಡಲ್ಲೂ ಸೇರಿರತ್ತೆ.

ಜನರನ್ನ ಒಂದೇ ಸ್ಟೇಷನ್ ಕಡೆ ತಿರುಗಿಸುವಾಗ ಎಚ್ಚರವೂ ಅಷ್ಟೇ ಬೇಕು. 2025ರ ಜೂನ್ 4ಕ್ಕೆ ಅದೇ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಲ್ಲಿ 11 ಜನ ಪ್ರಾಣ ಕಳ್ಕೊಂಡ್ರು, ಹುಡುಗರು, ಹುಡುಗಿಯರು. ಮೆಟ್ರೊದಲ್ಲಿ ಬನ್ನಿ ಅಂತ ಪೋಸ್ಟರ್ ಹಾಕೋದು ಸುಲಭ, ಆದ್ರೆ ಎಷ್ಟು ಜನ ಯಾವ ಹೊತ್ತಿಗೆ ಯಾವ ಬಾಗಿಲಿಗೆ ಬರ್ತಾರೆ ಅಂತ ಪೊಲೀಸರ ಜೊತೆ, ಮೆಟ್ರೊದೋರ ಜೊತೆ ಮೊದಲೇ ಕೂತು ಮಾತಾಡದೇ ಆ ಪೋಸ್ಟರ್ ಹಾಕ್ಬಾರ್ದು. ಒಂದು ಸ್ಟೇಷನ್ನಿನ ಬದಲು ಎರಡು ಮೂರು ಸ್ಟೇಷನ್ನಿಗೆ ಹಂಚಿ, ಹತ್ತು ನಿಮಿಷ ಹೆಚ್ಚು ನಡೆಸಿದ್ರೂ ಪರವಾಗಿಲ್ಲ, ದಾರಿ ಅಗಲವಾಗಿರಬೇಕು, ಬೆಳಕಿರಬೇಕು.

ನಡೆಯೋದು ಅಂದಾಗ ಬಸವನಗುಡಿ ಕಡಲೆಕಾಯಿ ಪರಿಷೆ ನೆನಪಾಗತ್ತೆ. ಕಾರ್ತಿಕ ಮಾಸದ ಕೊನೇ ಸೋಮವಾರ ಬುಲ್ ಟೆಂಪಲ್ ರಸ್ತೇಲಿ ಗಾಡಿ ಬಿಡಲ್ಲ, ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಇಳಿದು ಜನ ಕಡಲೆಕಾಯಿ ಬಿಡಿಸಿ ತಿನ್ತಾ ನಡ್ಕೊಂಡು ಹೋಗ್ತಾರೆ. ಆ ನಡಿಗೆಯೇ ಪರಿಷೆಯ ಅರ್ಧ ಸಂತೋಷ. ಮೈಸೂರಲ್ಲಿ ದಸರಾಗೆ ಕೆಎಸ್‌ಆರ್‌ಟಿಸಿ ಸ್ಪೆಷಲ್ ಬಸ್ಸು, ಸ್ಪೆಷಲ್ ರೈಲು ಬಿಡ್ತಾರೆ, ಊರೊಳಗೆ ಓಡಾಡೋಕೆ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ವ್ಯವಸ್ಥೆ 2017ರಲ್ಲಿ 450 ಸೈಕಲ್ಲಿಂದ ಶುರುವಾಯ್ತು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಜಾತ್ರೆಗೆ, ದೇವಸ್ಥಾನಕ್ಕೆ ಹೆಂಗಸರು ಬಸ್ಸಲ್ಲೇ ಹೋಗೋದು ಹೆಚ್ಚಾಗಿದೆ, ಅದನ್ನ ಟಿಕೆಟ್ ದುಡ್ಡಿನ ಲೆಕ್ಕದಲ್ಲಷ್ಟೇ ನೋಡ್ತಾರೆ, ರಸ್ತೆಗೆ ಇಳಿಯದೇ ಉಳಿದ ಟೆಂಪೋ, ಕಾರುಗಳ ಲೆಕ್ಕ ಯಾರೂ ಹಾಕಲ್ಲ.

ಈಗ ನಿಂತಲ್ಲೇ ಇಂಜಿನ್ ಓಡಿಸೋ ವಿಷ್ಯ. ಏಸಿ ಹಾಕ್ಕೊಂಡು ನಿಂತ ಕಾರು ಗಂಟೆಗೆ ಅರ್ಧ ಲೀಟರಿಂದ ಒಂದು ಲೀಟರ್‌ವರೆಗೆ ಕುಡಿಯತ್ತೆ. ಮಾವನ ಮಗಳ ಮದುವೆ ಮುಹೂರ್ತದ ದಿನ ಮಧ್ಯಾಹ್ನ ಪಾರ್ಕಿಂಗಲ್ಲಿ ಮೂವತ್ತು ಕ್ಯಾಬುಗಳು ಇಂಜಿನ್ ಆನ್ ಮಾಡ್ಕೊಂಡೇ ನಿಂತಿದ್ವು. ಒಬ್ಬ ಡ್ರೈವರ್ ಹತ್ರ ಹೋಗಿ "ಅಣ್ಣಾ, ಸ್ವಲ್ಪ ಆಫ್ ಮಾಡ್ತೀರಾ" ಅಂದೆ. "ಮಾಡ್ತೀನಿ ಸಾರ್, ಎಲ್ಲಿ ಕೂತ್ಕೊಳ್ಲಿ ಹೇಳಿ" ಅಂದ್ರು. ಸುತ್ತ ನೋಡಿದ್ರೆ ಒಂದು ಮರ ಇಲ್ಲ, ಏಪ್ರಿಲ್ ಬಿಸಿಲು, ಡ್ರೈವರ್‌ಗಳಿಗೆ ಒಂದು ಟಾಯ್ಲೆಟ್ಟೂ ಇಲ್ಲ, ಬೆಳಗ್ಗೆ ಐದಕ್ಕೆ ಮನೆ ಬಿಟ್ಟೋರು. ಅವರಿಗೆ ಶಾಮಿಯಾನದ ಒಂದು ತುಂಡು ಕಟ್ಟಿಸಿ, ಇಪ್ಪತ್ತು ಕುರ್ಚಿ, ಎರಡು ಫ್ಯಾನು, ಕುಡಿಯೋ ನೀರು ಇಟ್ಟು, ಮೊದಲನೇ ಪಂಕ್ತೀಲೇ ಊಟಕ್ಕೆ ಕೂರಿಸಿದ್ರೆ ಯಾರೂ ಇಂಜಿನ್ ಓಡಿಸ್ಕೊಂಡು ಕೂರಲ್ಲ. ಮೂವತ್ತು ಕಾರು ನಾಲ್ಕು ಗಂಟೆ ಅಂದ್ರೆ 60 ಲೀಟರಿಂದ 120 ಲೀಟರ್, ಒಂದು ಶಾಮಿಯಾನದ ಬಾಡಿಗೆ ಅದರ ಮುಂದೆ ಎಷ್ಟು. ಅವರನ್ನ ಮನುಷ್ಯರ ಹಾಗೆ ನೋಡ್ಕೊಳ್ಳೋದು ಹೇಗೂ ನಮ್ಮ ಕರ್ತವ್ಯ, ಅದರಿಂದ ಹೊಗೆಯೂ ಕಮ್ಮಿ ಆಗತ್ತೆ ಅಷ್ಟೇ.

ಸಾಮಾನು ಸಾಗಿಸೋದರಲ್ಲೂ ಹೀಗೇ, ಅಡುಗೆ ಪಾತ್ರೆಗೆ ಒಂದು ಟೆಂಪೋ, ಹೂವಿಗೆ ಒಂದು, ಕುರ್ಚಿಗೆ ಒಂದು, ಎಲ್ಲಾ ಅರ್ಧರ್ಧ ತುಂಬಿ ಬಂದು ಖಾಲಿ ವಾಪಸ್. ಛತ್ರದಲ್ಲೇ ಪಾತ್ರೆ, ಕುರ್ಚಿ ಇದ್ರೆ ಆ ಓಟವೇ ಇಲ್ಲ.

ಕೊನೇಗೆ ಎಲೆಕ್ಟ್ರಿಕ್. ಎಲೆಕ್ಟ್ರಿಕ್ ಕಾರಲ್ಲಿ ಹೊಗೆ ಕೊಳವೆ ಇಲ್ಲ, ಆದ್ರೆ ಕರೆಂಟು ಎಲ್ಲಿಂದಲೋ ಬರ್ಬೇಕಲ್ಲ. ದೇಶದ ಸರಾಸರಿ ಹಿಡಿದ್ರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್, ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡೋ ಕಾರು ಕಿಲೋಮೀಟರಿಗೆ ಸುಮಾರು 100 ಗ್ರಾಂ. ಪೆಟ್ರೋಲ್ ಕಾರಿನ 150ಕ್ಕಿಂತ ಒಳ್ಳೇದು, ಖಂಡಿತ. ಆದ್ರೆ ಒಬ್ಬರೇ ಕೂತ ಎಲೆಕ್ಟ್ರಿಕ್ ಕ್ಯಾಬು 100 ಗ್ರಾಂ, ತುಂಬಿದ ಡೀಸೆಲ್ ದಿಬ್ಬಣದ ಬಸ್ಸು ಒಬ್ಬರಿಗೆ 15 ಗ್ರಾಂ. ಈ ಎರಡು ನಂಬರ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಸೀಟು ತುಂಬಿಸೋದು ಯಾಕೆ ಮೊದಲು ಅಂತ ಗೊತ್ತಾಗತ್ತೆ. ನಮ್ಮ ರಾಜ್ಯದಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್, ಶರಾವತಿಯ ನೀರು, ಗಾಳಿಯಂತ್ರ ಎಲ್ಲಾ ಇರೋದ್ರಿಂದ ಕರೆಂಟು ಸ್ವಲ್ಪ ಚೊಕ್ಕ, ಅದರಲ್ಲೂ ಮಧ್ಯಾಹ್ನದ ಬಿಸಿಲಲ್ಲಿ ಚಾರ್ಜ್ ಮಾಡಿದ್ರೆ ಇನ್ನೂ ಒಳ್ಳೇದು. ಆದ್ರೆ ಛತ್ರದ ಡೀಸೆಲ್ ಜನರೇಟರಿಂದ ಗಾಡಿ ಚಾರ್ಜ್ ಮಾಡಿದ್ರೆ ಎಲ್ಲಾ ನೀರಿಗೆ ಬಿತ್ತು, ಲೀಟರ್ ಡೀಸೆಲಿಗೆ ಮೂರು ಮೂರೂವರೆ ಯೂನಿಟ್ ಬರತ್ತೆ, ಯೂನಿಟ್ಟಿಗೆ 0.8 ಕೆಜಿ ಆಸುಪಾಸು, ಲೈನಿನ ಕರೆಂಟಿಗಿಂತ ಕೆಟ್ಟದ್ದು. ಎಲೆಕ್ಟ್ರಿಕ್ ನಿಜಕ್ಕೂ ಹೊಂದೋದು ದಿನವಿಡೀ ಒಂದೇ ದಾರೀಲಿ ಸುತ್ತು ಹಾಕೋ ಶಟಲ್ಲಿಗೆ, ಮೆಟ್ರೊ ಸ್ಟೇಷನ್ನಿಂದ ಛತ್ರಕ್ಕೆ ಓಡಾಡೋ ಎಲೆಕ್ಟ್ರಿಕ್ ಆಟೋಗೆ. ನಿಂತಾಗ ಕುಡಿಯೋದೂ ಕಮ್ಮಿ, ಬಾಗಿಲಲ್ಲಿ ಹೊಗೆಯೂ ಇಲ್ಲ, ಶಬ್ದವೂ ಇಲ್ಲ.

ಹಳೇ ಲಗ್ನಪತ್ರಿಕೆಗಳನ್ನ ನೋಡಿದೀರಾ? ನಮ್ಮಮ್ಮನ ಬೀರೂಲಿ ಒಂದಿಷ್ಟು ಇದಾವೆ. ಕೆಳಗಡೆ ಸಣ್ಣಕ್ಷರದಲ್ಲಿ ಛತ್ರಕ್ಕೆ ಬರೋ ಬಿಟಿಎಸ್ (ಈಗಿನ ಬಿಎಂಟಿಸಿ) ಬಸ್ಸುಗಳ ನಂಬರ್ ಇರ್ತಿತ್ತು, ಯಾವ ಸ್ಟಾಪಲ್ಲಿ ಇಳೀಬೇಕು ಅಂತಾನೂ ಇರ್ತಿತ್ತು. ಈಗಿನ ಕಾರ್ಡಲ್ಲಿ ಆ ಜಾಗಕ್ಕೆ "ವಿಶಾಲವಾದ ಪಾರ್ಕಿಂಗ್ ವ್ಯವಸ್ಥೆ ಇದೆ" ಅಂತ ಬಂದಿದೆ. ಈ ವರ್ಷ ಮಾವನ ಎರಡನೇ ಮಗಳ ಮದುವೆ ನಿಶ್ಚಯ ಆದಾಗ ಅಮ್ಮನ ಹಳೇ ಕಾರ್ಡು ತಗೊಂಡು ಹೋಗಿ ಮಾವನ ಮುಂದೆ ಇಟ್ಟೆ, ಜೊತೆಗೆ 21 ಸಿಲಿಂಡರಿನ ಲೆಕ್ಕ ಇಟ್ಟೆ. ಅವರು ಸುಮಾರು ಹೊತ್ತು ಸುಮ್ನೆ ಕೂತಿದ್ರು. ಆಮೇಲೆ "ಸರಿ, ಛತ್ರ ನೋಡೋಕೆ ನಾಳೆ ನೀನೂ ಬಾ" ಅಂದ್ರು.

ಹಸಿರು ಲೈನಿನ ಸ್ಟೇಷನ್ನಿಂದ ಏಳು ನಿಮಿಷದ ನಡಿಗೆಯ ಛತ್ರ ಸಿಕ್ತು, ಊರಾಚೆದಕ್ಕಿಂತ ಚಿಕ್ಕದು, ಊಟದ ಹಾಲ್ ಮೊದಲನೇ ಮಹಡೀಲಿ, ಆದ್ರೆ ಲಿಫ್ಟ್ ಇದೆ. ಕಾರ್ಡಲ್ಲಿ ಸ್ಟೇಷನ್ ಹೆಸರು, ಯಾವ ಗೇಟಿಂದ ಹೊರಗೆ ಬರ್ಬೇಕು, ರಾತ್ರಿ ಕೊನೇ ಟ್ರೈನು ಎಷ್ಟಕ್ಕೆ ಅಂತ ಹಾಕಿಸಿದ್ವಿ. ಸ್ಟೇಷನ್ ಹತ್ರ ಎರಡು ಎಲೆಕ್ಟ್ರಿಕ್ ಆಟೋ ಮಾತಾಡಿ ನಿಲ್ಲಿಸಿದ್ವಿ, ನಡೆಯೋಕೆ ಆಗದೋರಿಗೆ. ಹಾಸನ ಕಡೆಯಿಂದ ಬರೋ ನೆಂಟರಿಗೆ ಒಂದು ಬಸ್ಸು, ಹೆಸರು ಬರ್ಕೊಂಡು ಬರ್ಕೊಂಡು 41 ಜನ ಆದ್ಮೇಲೇ ಬುಕ್ ಮಾಡಿದ್ದು. ಅಜ್ಜಿಗೆ ಕಾರಲ್ಲಿ ಬನ್ನಿ ಅಂದ್ವಿ, "ಎಲ್ರೂ ಬಸ್ಸಲ್ಲೇ ಇರ್ತಾರೆ, ನಾನೊಬ್ಳೇ ಕಾರಲ್ಲಿ ಬಂದು ಏನ್ಮಾಡ್ಲಿ" ಅಂತ ಬಸ್ಸೇ ಹತ್ತಿದ್ರು.

ಆರತಕ್ಷತೆ ದಿನ ಮತ್ತೆ ಗೇಟಲ್ಲಿ ನಿಂತು ಎಣಿಸಿದೆ. ಜನ ಹೆಚ್ಚುಕಮ್ಮಿ ಹೋದ ಸಲದಷ್ಟೇ. ಕಾರು 71. ಎಲ್ಲಾ ಸರಿಹೋಯ್ತು ಅಂತಲ್ಲ, ಮಳೆ ಬಂದು ಒಂದು ಗಂಟೆ ಆಟೋ ಸಾಕಾಗಲಿಲ್ಲ, ಸ್ಟೇಷನ್ ಬಾಗಿಲಲ್ಲಿ ನಿಂತಿದ್ದ ಹದಿನೈದು ಇಪ್ಪತ್ತು ಜನರಿಗೆ ಮಾವನೇ ಛತ್ರಿ ತಗೊಂಡು ಎರಡು ಸಲ ಹೋಗಿ ಬಂದ್ರು. ಮುಂದಿನ ಸಲಕ್ಕೆ ಇಪ್ಪತ್ತು ಛತ್ರಿ ಅಂತ ನನ್ನ ಪಟ್ಟೀಲಿ ಬರ್ಕೊಂಡಿದೀನಿ.